‘ರ‍್ಯಾಕ್’ ಎಂಬ ಮಾರಕ ಪದ

ಮಾರ್ಚ್ ಹದಿನಾಲ್ಕು, ಗುರುವಾರ. ಆಸ್ಪತ್ರೆಯ ಔಷಧ ಉಗ್ರಾಣದ ಎದುರಿನ ಬೆಂಚು.

ಗಣಕ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಅಣ್ಣನ ಮಾತ್ರೆ ಗಾಜಿನ ಬಾಗಿಲಿನಾಚೆ ನನಗೆ ಕಾಣುತ್ತಿದೆ. ಉಗ್ರಾಣದ ಮೇಲ್ವಿಚಾರಕಿಗೂ ಕಾಣುತ್ತಿದೆ. ಕಾಣದಿರುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಅದು ಚೀಟಿ ಮುದ್ರಿಸದೆ ಮಾತ್ರೆ ಕೊಡುವಂತಿಲ್ಲ ಎಂಬುದು ನಿಮ್ಮ ನಿಯಮ. ಚೀಟಿ ಕೇಳಿದೊಡನೆ ಕಣ್ಣು ಮುಚ್ಚುವುದು ಅದರ ನಿಯಮ. ನಡುವೆ ಅಣ್ಣನಿದ್ದಾನೆ. ಕಸಿ ಮಾಡಿದ ಮೂತ್ರಪಿಂಡವನ್ನು ಅವನ ದೇಹ ಹೊರದಬ್ಬದಂತೆ ತಡೆಯುವ ಮಾತ್ರೆ ಅದು. ಹೊರಗಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಆ ಮೂತ್ರಪಿಂಡ ಮೊದಲು ನನ್ನದಾಗಿತ್ತು. ಹಾಗಾಗಿ ಈ ವಿಷಯದಲ್ಲಿ ನನಗೆ ತುಸು ಹೆಚ್ಚಿನ ಆಸಕ್ತಿಯಿದ್ದರೆ ಕ್ಷಮಿಸಿ.

ದಾಸ್ತಾನು ಹುಡುಕಲು ನೀವು ಒದಗಿಸಿರುವುದು ಒಂದು ಕಪ್ಪು ಪರದೆ. ಕಮಾಂಡ್ ಟೈಪ್ ಮಾಡಬೇಕು, ಅದು ಉತ್ತರ ಕೊಡಬೇಕು. ಹಳೆಯದೆಲ್ಲ ಚಿನ್ನ ಎನ್ನುವವರು ಅದರ ಎದುರು ಒಂದು ಬೆಳಗು ಕೂರಬೇಕು.

“ಮೇಡಂ, ಇದು ಮತ್ತೆ ಮಕಾಡೆ ಮಲಗ್ತು,” ಎಂದರು ಪರದೆಯ ಮುಂದಿದ್ದ ಆಪರೇಟರ್.

“ಎಲ್ಲ ಔಷಧಿಗೂ ಹೀಗೇನಾ?” ಎಂದು ಕೇಳಿದೆ.

“ಇಲ್ಲ, ಕೆಮ್ಮಿನ ಸಿರಪ್ಪು ಕೇಳಿದ್ರೆ ಲಕ್ಷಣವಾಗಿ ಉತ್ತರ ಕೊಡುತ್ತೆ. ನಿಮ್ಮ ಮಾತ್ರೆ ಕೇಳಿದ್ರೆ ಸತ್ತೇ ಹೋಗುತ್ತೆ.”

“ಸರಕಾರಿ ಬುದ್ಧಿ ಚೆನ್ನಾಗೇ ಕಲಿತಿದೆ,” ಎಂದರು ಮೇಲ್ವಿಚಾರಕಿ.

ಮೂವರೂ ಸೇರಿ ಕಾರಣ ಹುಡುಕಿದೆವು. ಕಪಾಟಿನಲ್ಲಿರುವ ಔಷಧಿಗಳ ಚೀಟಿ ಬರುತ್ತದೆ. ಹೊಸ ಕಬ್ಬಿಣದ ರ‍್ಯಾಕ್‌ಗೆ ಸಾಗಿಸಿದವುಗಳದು ಬರುವುದಿಲ್ಲ. ತಪ್ಪು ಕಬ್ಬಿಣದ್ದಲ್ಲ, ಅಕ್ಷರದ್ದು. ‘ರ‍್ಯಾಕ್’ ಎಂದು ಸರಿಯಾಗಿ ಮೂಡಬೇಕಾದರೆ ರಕಾರಕ್ಕೂ ಅದರ ಕೆಳಗಿನ ಒತ್ತಿಗೂ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸಬೇಕು. ಇಲ್ಲವಾದರೆ ಅದು ಅರ್ಕಾವೊತ್ತು ಹೊತ್ತುಕೊಂಡು ‘ರ್ಯಾಕ್’ ಆಗಿ ನಿಲ್ಲುತ್ತದೆ. ಔಷಧಿ ಇರುವ ಜಾಗದ ಹೆಸರನ್ನು ಯಾರೋ ಗುಮಾಸ್ತರು ಶುದ್ಧವಾಗಿ ಬರೆದುಬಿಟ್ಟಿದ್ದಾರೆ. ನಿಮ್ಮ ಪರದೆಗೆ ಆ ಗುರುತು ಗೊತ್ತಿಲ್ಲ. ಕಂಡೊಡನೆ ಪ್ರಾಣ ಬಿಡುತ್ತದೆ. ಕಾಗುಣಿತ ಸರಿಯಿದ್ದ ಕಾರಣಕ್ಕೆ ಕೆಲಸ ನಿಲ್ಲಿಸಿದ ಕಚೇರಿಯನ್ನು ನಾನು ಕಂಡದ್ದು ಇದೇ ಮೊದಲು. ಪಕ್ಕದ ಪ್ರಯೋಗಾಲಯದಲ್ಲಿ ಇದೇ ತಂತ್ರಾಂಶದ ಹೊಸ ಆವೃತ್ತಿಯಿದೆ. ಅಲ್ಲಿ ಅದೇ ಕಮಾಂಡ್‌ಗೆ ತಟ್ಟನೆ ಉತ್ತರ ಬಂತು. ಆದರೆ ಚೀಟಿ ಮುದ್ರಿಸುವ ಅಧಿಕಾರ ಪ್ರಯೋಗಾಲಯಕ್ಕಿಲ್ಲವಂತೆ.

ನಮ್ಮ ದೂರಿಗೆ ನಿಮ್ಮ ಕಚೇರಿಯ ಉತ್ತರವೂ ಬಂತು: “ಆವೃತ್ತಿ ಬದಲಾವಣೆ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಸದರಿ ಪದವನ್ನು ಬಳಸತಕ್ಕದ್ದಲ್ಲ.” ಸದರಿ ಪದವನ್ನು ಅಳಿಸಲು ಆ ಸಾಲನ್ನು ತೆರೆಯಬೇಕು; ತೆರೆದರೆ ಪರದೆ ಸಾಯುತ್ತದೆ. ಫೋನಿನಲ್ಲಿ ಇದನ್ನು ವಿವರಿಸಿದಾಗ ನಿಮ್ಮ ಸಹಾಯಕರು, “ಹಾಗಾದ್ರೆ ತೆರೀಬೇಡಿ,” ಎಂದರು. ಹೊಟ್ಟೆನೋವು ಎಂದವನಿಗೆ ಹೊಟ್ಟೆಯನ್ನೇ ಮರೆತುಬಿಡಿ ಎಂದ ಹಾಗೆ. ಇಂಥವರಿಗೆ ತರಬೇತಿ ನೀವೇ ಕೊಡುತ್ತೀರೋ, ಹುಟ್ಟಿನಿಂದಲೇ ಬರುತ್ತದೋ?

ಅಣ್ಣ ಉಳಿದ ಮಾತ್ರೆಗಳನ್ನು ಅರ್ಧ ಮಾಡಿ ನುಂಗುತ್ತಿದ್ದಾನೆ. ನನಗೆ ಹೇಳಿರಲಿಲ್ಲ, ಅತ್ತಿಗೆ ಹೇಳಿದರು. ರೇಗಿದರೆ, “ನಿನ್ನ ಕಿಡ್ನಿ ನಿನ್ನ ಥರಾನೇ ಹಠಮಾರಿ. ಅಷ್ಟು ಬೇಗ ಹೊರಡಲ್ಲ ಬಿಡೇ,” ಎಂದು ನಕ್ಕ. ವೈದ್ಯರು ನಗಲಿಲ್ಲ.

ಶುಕ್ರವಾರ ಸಂಜೆಯೊಳಗೆ ಹೊಸ ಆವೃತ್ತಿಗೆ ಅನುಮತಿ ಕೊಡಿ, ಇಲ್ಲವೇ ಕೈಬರಹದ ಚೀಟಿಗಾದರೂ ಕೊಡಿ. ಎರಡೂ ಆಗದಿದ್ದರೆ, ಶನಿವಾರ ಉಗ್ರಾಣದ ಬಾಗಿಲು ತೆರೆದೊಡನೆ ಒಳಗೆ ಹೋಗಿ ಅಣ್ಣನ ಪಾಲಿನ ಮಾತ್ರೆಯನ್ನು ನಾನೇ ತೆಗೆದುಕೊಳ್ಳುವುದೆಂದು ನಿರ್ಧರಿಸಿದ್ದೇನೆ. ಮೇಲ್ವಿಚಾರಕಿಗೂ ಆಪರೇಟರಿಗೂ ಇದನ್ನು ತಿಳಿಸಿಲ್ಲ. ನಿಮ್ಮ ಹಾಗೆ ಅವರಿಗೂ ಇದು ಗೊತ್ತಾಗುವುದು ಈ ಪತ್ರದಿಂದಲೇ. ಆದ್ದರಿಂದ ಅವರಿಗೆ ನೋಟಿಸು ಕಳಿಸುವ ಶ್ರಮ ಬೇಡ. ಪೊಲೀಸರನ್ನು ಕರೆಸುವುದಾದರೆ, ದೂರಿನಲ್ಲಿ ವಸ್ತು ಎಲ್ಲಿಂದ ಕಳುವಾಯಿತೆಂದು ನಮೂದಿಸಬೇಕಾಗುತ್ತದೆ. ಕಾಗುಣಿತ ನಾನು ಹೇಳಿಕೊಡುತ್ತೇನೆ.

ಇಂತಿ,
ಶನಿವಾರದವರೆಗೆ ಕಾನೂನು ಪಾಲಿಸಲಿರುವ,
ರೋಗಿಯ ತಂಗಿ