ಬ್ರೈಡಿ ಆಂಟಿಯ ಶಾಲು

೧೩ ಫೆಬ್ರುವರಿ ೨೦೦೦, ಯೂನಿಯನ್ ಸಿಟಿ. ರಾತ್ರಿ ಎರಡು ಹತ್ತು.

ಡ್ರೈಯರು ಕರ್ಕಶವಾಗಿ ಕೂಗಿ ಎಬ್ಬಿಸಿತು. ಬಾಗಿಲು ತೆಗೆದು ಕೈ ಹಾಕಿದೆ. ಶಾಲು ಕುಗ್ಗಿ ಕಾಲೊರಸಿನಷ್ಟಾಗಿದೆ. ಎಳೆದೆ. ಜಗ್ಗಲಿಲ್ಲ.

ನಮ್ಮ ಹೀಟರು ಕೆಟ್ಟಿದೆಯೆಂದು ಪಕ್ಕದ ಮನೆಯ ಬ್ರೈಡಿ ಆಂಟಿ ಮೊನ್ನೆ ತಾವಾಗಿಯೇ ತಂದು ನಮ್ಮ ಕೂಸು ಪುಟ್ಟಿಗೆ ಹೊದಿಸಿದ್ದರು. ಐರ್ಲೆಂಡಿನ ಹಳ್ಳಿಯಲ್ಲಿ ಅವರಮ್ಮ ಮನೆಯ ಕುರಿಗಳ ಉಣ್ಣೆಯನ್ನು ತಾವೇ ನೂತು ಹೆಣೆದದ್ದು. "ಪೆಟ್ಟಿಗೆಯಲ್ಲಿದ್ದು ಏನ್ ಮಾಡುತ್ತೆ? ಭಾನುವಾರ ಬೆಳಿಗ್ಗೆ ಕೊಟ್ರೆ ಸಾಕು ಕಣಮ್ಮ," ಅಂದಿದ್ದರು. ಇವತ್ತೇ ಭಾನುವಾರ. ಒಂಬತ್ತಕ್ಕೆ ಸ್ಯಾನ್ ಮಟಿಯೋದ ಚರ್ಚಿನಲ್ಲಿ ಅವರ ಮೊಮ್ಮಗನಿಗೆ ದೀಕ್ಷಾಸ್ನಾನ. ಆ ಮನೆಯ ಮಕ್ಕಳೆಲ್ಲ ಚರ್ಚಿಗೆ ಹೋದದ್ದು ಇದೇ ಶಾಲಿನಲ್ಲಿ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಪುಟ್ಟಿ ಅದರ ಮೇಲೆ ಹಾಲು ಕಕ್ಕಿದಳು. ನನಗೆ ನೆನಪಾದದ್ದು ಅಮ್ಮನ ಕೌದಿ. "ಕೂಸಿನ ಕೌದಿ ಕುದಿಯೋ ನೀರಾಗ ಅದ್ದಬೇಕವ್ವಾ," ಅನ್ನುತ್ತಿದ್ದಳು. ಹಾಗೇ ಸುಡುನೀರಲ್ಲಿ ಒಗೆದು ಡ್ರೈಯರಿಗೆ ತುಂಬಿದೆ. ಕೌದಿ ಹಳೇ ಹತ್ತಿ ಸೀರೆಗಳದ್ದು, ಇದು ಉಣ್ಣೆ. ಎಂಎಸ್ಸಿ ಓದಿದವಳಿಗೆ ಅಷ್ಟೂ ಹೊಳೆಯಲಿಲ್ಲ.

"ಒಂದು ಶಾಲಿಗೆ ಇಷ್ಟು ಅಳ್ತೀಯಾ? ಮಾಲಲ್ಲಿ ಹೊಸದು ಕೊಡ್ಸೋಣ ಬಿಡೇ," ಅಂದ ಗಂಡ ಅಜಿತ್, ಹಾಸಿಗೆಯಲ್ಲಿ ಕಣ್ಣು ಬಿಡದೆ. ಅದನ್ನೇ ಅವನ ಮೇಲೆ ಎಸೆದೆ. ಮುಟ್ಟಿ ನೋಡಿ ಎದ್ದು ಕೂತ.

ಗೋಡೆಯಾಚೆ ಆಂಟಿಯ ಕೆಮ್ಮು ಕೇಳಿಸುತ್ತಿದೆ. ಎರಡು ಸಲ ನಂಬರು ಒತ್ತಿದೆ. ಕೊನೆಯ ಅಂಕಿಗೆ ಬೆರಳು ಏಳಲಿಲ್ಲ. ಬ್ರೈಡಿ ಆಂಟಿ, ಎಚ್ಚರವಿದ್ದರೆ ನೀವೇ ಒಂದು ಫೋನು ಮಾಡಿ. ಬೆಳಗಾಗಿ ನೀವು ನಗುತ್ತಾ ಬಾಗಿಲಲ್ಲಿ ಕೈಚಾಚಿ ನಿಲ್ಲುವ ಮೊದಲೇ ಮಾಡಿ, ದಯವಿಟ್ಟು.