ಅಜ್ಜನಿಗೆ ಹಿಂದಿ ಬರುವುದಿಲ್ಲ

ಗಡಿಯಿಂದ (ಊರಿನ ಹೆಸರು ಬರೆಯುವಂತಿಲ್ಲ)
ಜೂನ್ ೧೨

ಪ್ರೀತಿಯ ಪದ್ಮಾಕ್ಷಿ ಅಕ್ಕನಿಗೆ, ಪುತ್ತಿಗೆಯ ನಿಮ್ಮ ಪಾದ್ರಿ ತಮ್ಮನ ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ಇಲ್ಲಿ ಶೆಲ್ ಬೀಳುವುದು ನಿಂತಿದೆ. ಆದರೂ ಯಾರಾದರೂ ಬಾಗಿಲು ಬಡಿದರೆ ಮೇಜಿನಡಿಗೆ ನುಗ್ಗುವ ಹಾಗಾಗುತ್ತದೆ. ಸೈನಿಕರಿಗೆ ಧೈರ್ಯ ಹೇಳಲೆಂದೇ ಸರಕಾರ ಇಟ್ಟುಕೊಂಡಿರುವ ಪಾದ್ರಿ ನಾನು. ನನ್ನ ಅವಸ್ಥೆ ನೋಡಿ!

ಮನ್ವಿತ್ ತೀರಿಕೊಂಡ ಮೇಲೆ ನಮ್ಮ ದೈವ ಕೊರಗಜ್ಜನ ಕಟ್ಟೆಯ ಮುಂದೆ ಮುಖ ತಿರುಗಿಸಿ ನಡೆಯುತ್ತೇನೆಂದು ಬರೆದಿದ್ದೀರಿ. ಮಗ ಹರಕೆ ಹೇಳಿಸಿದರೂ ಅಜ್ಜ ಕೇಳಲಿಲ್ಲವೆಂಬ ಸಿಟ್ಟು ನಿಮಗೆ. ಫೋನಿನಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ. ಉಳಿದದ್ದನ್ನು ನುಂಗಿಕೊಂಡು ಇಷ್ಟು ದಿನ ಒದ್ದಾಡಿದ್ದು ಸಾಕು.

ನಮ್ಮ ಪಲ್ಟನ್ನಿನಲ್ಲಿ ತುಳು ಬರುವವರು ಮೂವರೇ. ಬೆಳ್ತಂಗಡಿಯ ನಿಮ್ಮ ಮನ್ವಿತ್, ಮೆಲ್ಕಾರಿನ ಬ್ಯಾರಿ ಮುಸಲ್ಮಾನರ ಹುಡುಗ ಸಿನಾನ್, ಮತ್ತೆ ನಾನು. ಬಂಗುಡೆ ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಅವರಿಬ್ಬರಿಗೂ ದಿನಾ ಜಗಳ. ಬಿಡಿಸುವವನು ನಾನು.

ಆ ದಿನ ಶೆಲ್ ಸಿಡಿದು ಮನ್ವಿತ್‌ನ ಎದೆಗೆ ಚೂರು ಹೊಕ್ಕಿತು. ಆಸ್ಪತ್ರೆಯ ಡೇರೆಯಲ್ಲಿ ನನ್ನ ಕೈ ಹಿಡಿದು, ಅಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳು ಹರಕೆ ಹೇಳಿ ಎಂದ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಕೊರಳಲ್ಲಿ ಶಿಲುಬೆ ಇಟ್ಟುಕೊಂಡು ನಾನು ದೈವಕ್ಕೆ ಹರಕೆ ಹೇಳುವುದೇ? ಬೇರೆ ಯಾರಿಂದಲಾದರೂ ಹೇಳಿಸುವ ಎಂದೆ.

"ಅಜ್ಜನಿಗೆ ಹಿಂದಿ ಬರುದಿಲ್ಲ ಫಾದರ್. ನೀವೇ ಹೇಳಿ," ಎಂದ.

ಹೇಳಿದೆ. ಗಾಬರಿಯಲ್ಲಿ ಅವನ ಹೆಸರು ಹೇಳುವ ಬದಲು "ಯಾನ್ ಕೊರ್ಪೆ", ನಾನು ಕೊಡುತ್ತೇನೆ, ಎಂದುಬಿಟ್ಟೆ. ಹಾಗಾದರೆ ಇನ್ನು ಅದು ನಿಮ್ಮ ಹರಕೆ ಎಂದು ಮನ್ವಿತ್ ನಕ್ಕ. ಸ್ವಲ್ಪ ಹೊತ್ತಿನಲ್ಲಿ ಹೋಗಿಬಿಟ್ಟ, ಅಕ್ಕ.

ಆದರೆ ಆ ಹರಕೆ ಅವನ ಜೀವಕ್ಕಲ್ಲ. ಅದೇ ಶೆಲ್ ದಾಳಿಯಲ್ಲಿ ಕಾಣೆಯಾಗಿದ್ದ ಸಿನಾನ್ ಸಿಗಲಿ ಎಂದು. ಕಳೆದದ್ದನ್ನು ಹುಡುಕಿಕೊಡುವುದು ಅಜ್ಜನ ಕೆಲಸವಲ್ಲವಾ ಎಂದಿದ್ದ. ಸಂಜೆಗೆ ಕುಸಿದ ಬಂಕರಿನ ಮಣ್ಣಿನಡಿ ಸಿನಾನ್ ಜೀವಂತ ಸಿಕ್ಕಿದ. ನಿಮಗೆ ಆ ಹುಡುಗನ ಮೇಲೆ ಮುನಿಸು ಬಂದೀತೆಂದು ಹೆದರಿ ಫೋನಿನಲ್ಲಿ ಅವನ ಹೆಸರೆತ್ತಲಿಲ್ಲ. ಮನ್ವಿತ್ ಕೇಳಿದ್ದನ್ನು ಅಜ್ಜ ಕೊಟ್ಟಿದ್ದಾನೆ. ಅವನಿಗೆ ಮುಖ ತಿರುಗಿಸಬೇಡಿ.

ರಜೆ ಸಿಕ್ಕ ಕೂಡಲೇ ಸಿನಾನ್‌ನನ್ನು ಕರೆದುಕೊಂಡು ಬರುತ್ತೇನೆ. ಹರಕೆ ನಾನೇ ಒಪ್ಪಿಸಬೇಕು. ಬಿಷಪರಿಗೆ ಏನು ಹೇಳುವುದೆಂದು ಆಮೇಲೆ ನೋಡುವ. ನಮ್ಮ ಜೊತೆ ಕಟ್ಟೆಯ ಹತ್ತಿರ ನೀವೂ ನಿಲ್ಲುತ್ತೀರಾ?

ನಿಮ್ಮ ತಮ್ಮ,
ಫಾ. ಸಿಪ್ರಿಯನ್ ಪಾಯ್ಸ್

ಮತ್ತೊಂದು ಮಾತು: ಮನ್ವಿತ್‌ನ ಜೀವ ಉಳಿಸೆಂದು ಕೇಳಿಕೊಂಡದ್ದು ನಾನು, ನನ್ನ ಯೇಸುವಿನ ಹತ್ತಿರ. ಕೊಡದೆ ಹೋದದ್ದು ಅವನು. ಸಿಟ್ಟು ಮಾಡಲೇಬೇಕಾದರೆ ಅವನ ಮೇಲೆ ಮಾಡಿ, ಅಕ್ಕ. ನಾನೂ ಸಿಟ್ಟಿನಲ್ಲೇ ದಿನಾ ಅವನ ಬಲಿಪೂಜೆ ಮಾಡುತ್ತಿದ್ದೇನೆ.