ಅಪ್ಪನ ನುಣ್ಣನೆಯ ಮುಖ

ಮಾರ್ಚ್ ೧೨, ಬುಧವಾರ
ಸ್ಟುಡಿಯೋದಿಂದ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡಲು ಕೈ ಏಳಲಿಲ್ಲ. ನೀನು ಕ್ಷೇಮವಾಗಿಲ್ಲ ಎಂದು ಭಾವ ಹೇಳಿದ್ದಾರೆ. ನಾನೂ ಇಲ್ಲ. ಹಾಗಾಗಿ ಆ ಸಾಲು ಬಿಟ್ಟೇ ಬರೆಯುತ್ತಿದ್ದೇನೆ. ಬಾಗಿಲಿನ ಬೋರ್ಡನ್ನು ‘ಮುಚ್ಚಿದೆ’ ಎಂದು ತಿರುಗಿಸಿ, ಒಳಗೆ ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಕೂತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಅದೂ ಇದೂ ಹರಟಿ ಇಟ್ಟುಬಿಡುತ್ತೇನೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಬೆಳಿಗ್ಗೆ ಕ್ಯಾಮೆರಾ ಮಾರಿದ ಪುಣ್ಯಾತ್ಮ ಮೂರನೆಯ ಸಲ ಫೋನ್ ಮಾಡಿದ್ದ. ಮೇಡಂ, ಹಳೇದು ಬಿಟ್ಟು ಹೊಸದಕ್ಕೆ ಬಂದಿದ್ದೀರಲ್ಲ, ನಿಮ್ಮ ಮೊದಲ ಅನಿಸಿಕೆ ಒಂದು ನಾಲ್ಕು ಸಾಲು ಬರ್ಕೊಡಿ, ನಮ್ಮ ಪೇಜಿಗೆ ಹಾಕ್ಕೋತೀವಿ ಎಂದ. ಪೀಡೆ ತೊಲಗಲಿ ಎಂದು ಬರೆಯಲು ಕೂತೆ. ನಾಲ್ಕು ಸಾಲು ಸಲೀಸಾಗಿ ಬಂತು. ಐದನೆಯ ಸಾಲಿಗೆ ಅಪ್ಪ ಬಂದುಬಿಟ್ಟ. ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡೆ. ಆದ್ದರಿಂದ ಕ್ಯಾಮೆರಾ ಪುರಾಣವನ್ನು ಸ್ವಲ್ಪ ಸಹಿಸಿಕೋ. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಹಳೆಯದು ನಿನಗೆ ಗೊತ್ತೇ ಇದೆ, ಹದಿನಾಲ್ಕು ವರ್ಷ ನನ್ನ ಜೊತೆ ದುಡಿದದ್ದು. ಹಿಡಿಯ ರಬ್ಬರು ಕಿತ್ತುಬಂದಾಗೆಲ್ಲ ನಾನೇ ಅಂಟು ಹಾಕಿ ಕೂರಿಸುತ್ತಿದ್ದೆ. ಒಂದು ಫೋಟೋ ಹೊಡೆದರೆ ಪಕ್ಕದ ಔಷಧಿ ಅಂಗಡಿಯವರಿಗೂ ಕೇಳಿಸುತ್ತಿತ್ತು. ಹೊಸದಕ್ಕೆ ಹಳೆಯ ಲೆನ್ಸುಗಳು ಕೂರುವುದಿಲ್ಲ, ಹಾಗಾಗಿ ಇಡೀ ಸಂಸಾರವನ್ನೇ ಬದಲಿಸಬೇಕಾಯಿತು. ಕೈಗೆ ಹಗುರ, ಸದ್ದೇ ಇಲ್ಲ. ಕಿಂಡಿಗೆ ಕಣ್ಣಿಟ್ಟರೆ ಎದುರಿನ ಮನುಷ್ಯ ಕಾಣುವುದಿಲ್ಲ, ಆ ಮನುಷ್ಯನ ಪುಟ್ಟ ಟಿವಿ ಕಾಣುತ್ತದೆ. ಫೋಟೋ ಹೇಗೆ ಬರುತ್ತದೆ ಎಂದು ಒತ್ತುವ ಮೊದಲೇ ತೋರಿಸಿಬಿಡುತ್ತದೆ. ಯಾರೇ ಕೂರಲಿ, ತಾನಾಗಿಯೇ ಅವರ ಕಣ್ಣು ಹುಡುಕಿ ಸುತ್ತ ಒಂದು ಸಣ್ಣ ಚೌಕ ಹಾಕಿಕೊಳ್ಳುತ್ತದೆ, ಅವರು ಅಲುಗಾಡಿದರೆ ಚೌಕವೂ ಹಿಂದೆ ಹಿಂದೆಯೇ ಹೋಗುತ್ತದೆ. ಬ್ಯಾಟರಿ ಮಾತ್ರ ಕುಡುಕನ ಜೇಬು, ಮಧ್ಯಾಹ್ನದೊಳಗೆ ಖಾಲಿ. ಮೆನುವಿನ ಒಳಗೆ ಹೊಕ್ಕರೆ ವಾಪಸ್ ಬರುವ ದಾರಿಯೇ ಸಿಗುವುದಿಲ್ಲ. ಅದಕ್ಕೆಂದು ದಪ್ಪನೆಯ ಪುಸ್ತಕವೊಂದನ್ನು ಕೊಟ್ಟಿದ್ದ. ನಾನು ಓದಲಿಲ್ಲ. ಇಪ್ಪತ್ತೆರಡು ವರ್ಷ ಊರವರ ಮುಖ ನೋಡಿದವಳಿಗೆ ಪುಸ್ತಕ ಏನು ಹೇಳಿಕೊಡುತ್ತದೆ ಎಂಬ ಕೊಬ್ಬು.

ಅದರಲ್ಲಿ ತೆಗೆದ ಮೊದಲ ಮುಖ ಅಪ್ಪನದು. ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ವಾಪಸಾಗುವಾಗ ನೀನೇ ಅವನನ್ನು ಇಲ್ಲಿಗೆ ಕರೆತಂದಿದ್ದೆ. ಸ್ಟೂಲಿನ ಮೇಲೆ ಮಂಡಿಗೆ ಎರಡೂ ಕೈ ಊರಿ, ಪ್ರೆಸ್ಸಿನಲ್ಲಿ ಮಾಲೀಕ ಬಂದಾಗ ಕೂರುತ್ತಿದ್ದನಲ್ಲ, ಹಾಗೆ ನೆಟ್ಟಗೆ ಕೂತ. ಫೋಟೋ ಕಂಪ್ಯೂಟರಿಗೆ ಬಂದಾಗ ನಾವಿಬ್ಬರೂ ಹಾ ಎಂದು ಬಾಯಿ ಬಿಟ್ಟೆವು. ಹತ್ತು ವರ್ಷ ಚಿಕ್ಕವನಾಗಿದ್ದ. ಅಯ್ಯೋ, ಎಷ್ಟು ಚೆಂದ ಬಂದಿದ್ದಾನೆ ಕಣೇ ಎಂದು ನೀನು ಕಣ್ಣೊರೆಸಿಕೊಂಡೆ. ಎಲ್ಲ ಲೆನ್ಸಿನ ಮಹಿಮೆ ಎಂದು ನಾನು ಜಂಬ ಕೊಚ್ಚಿದೆ. ಅಪ್ಪ ಮಾತ್ರ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ. ಯಾರಮ್ಮಾ ಇವ್ರು, ಒಳ್ಳೆ ಬ್ಯಾಂಕ್ ಮ್ಯಾನೇಜರ್ ಇದ್ದ ಹಾಗಿದ್ದಾರೆ ಎಂದು ಕೇಳಿದ. ನಾವು ಬಿದ್ದು ಬಿದ್ದು ನಕ್ಕೆವು. ಮರೆವು ಇಷ್ಟು ಜೋರಾಯಿತಲ್ಲೇ ಎಂದು ಆಮೇಲೆ ನೀನು ನನ್ನ ಕಿವಿಯಲ್ಲಿ ಹೇಳಿದೆ. ಅದು ಮರೆವಲ್ಲ ಅಕ್ಕಾ. ನಮ್ಮ ಮೂವರಲ್ಲಿ ಸರಿಯಾಗಿ ನೋಡಿದವನು ಅವನೊಬ್ಬನೇ ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು.

ಅಪ್ಪನ ಮುಖ ಹೇಗಿತ್ತು ಎಂದು ನಿನಗೆ ನಾನು ಹೇಳಬೇಕೇ? ಆರು ವರ್ಷದವನಿದ್ದಾಗ ಸಿಡುಬು ಬಂದು, ಬದುಕಿದ್ದೇ ಹೆಚ್ಚು ಎನ್ನುವಂತಾಗಿ, ಮುಖದ ತುಂಬಾ ಕುಳಿಗಳನ್ನು ಬಿಟ್ಟು ಹೋಗಿತ್ತು. ಪ್ರೆಸ್ಸಿನಲ್ಲಿ ಅವನ ಹೆಸರೇ ಜರಡಿ. ಏ ಜರಡಿ, ಎರಡನೇ ಪುಟ ಜೋಡಿಸಿ ಆಯ್ತಾ ಎಂದು ಮಾಲೀಕನೂ ಕೂಗುತ್ತಿದ್ದ, ಅಪ್ಪ ಓ ಎನ್ನುತ್ತಿದ್ದ. ನಾವು ಅವನ ಮಡಿಲಲ್ಲಿ ಕೂತು ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ಕುಳಿ ಎಣಿಸುತ್ತಿದ್ದೆವು. ನಲವತ್ತರ ಹತ್ತಿರ ನೀನು ಪ್ರತಿ ಸಲ ತಪ್ಪುತ್ತಿದ್ದೆ, ನಾನು ಕಿರುಚಿಕೊಂಡು ಮೊದಲಿನಿಂದ ಶುರು ಮಾಡಿಸುತ್ತಿದ್ದೆ. ಅವನು ಒಂದು ದಿನವೂ ಸಾಕು ಏಳ್ರೇ ಅನ್ನಲಿಲ್ಲ.

ಅವನು ಕಾಣೆಯಾದ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀನು ಒಣಗಿದ ಬಟ್ಟೆ ತರಲು ಮಹಡಿಗೆ ಹತ್ತಿದೆ, ಬಾಗಿಲಿನ ಚಿಲಕ ಹಾಕಿರಲಿಲ್ಲ, ಇಳಿದು ಬರುವಷ್ಟರಲ್ಲಿ ಕುರ್ಚಿ ಖಾಲಿ. ಐದು ನಿಮಿಷ. ಆ ಐದು ನಿಮಿಷವನ್ನು ತಲೆಯ ಮೇಲೆ ಹೊತ್ತುಕೊಂಡು ಮೂರು ತಿಂಗಳಿಂದ ಕೂತಿದ್ದೀಯ. ಒಂದು ಚಿಲಕ ಹಾಕೋಕ್ಕಾಗ್ಲಿಲ್ವಾ ನಿಂಗೆ ಎಂದು ಚಿಕ್ಕಪ್ಪ ಹತ್ತು ಜನರ ಮುಂದೆ ಅಂದಾಗ ನಾನು ನಿನ್ನ ಪಕ್ಕದಲ್ಲೇ ಟೀ ಲೋಟ ಹಿಡಿದು ನಿಂತಿದ್ದೆ. ತುಟಿ ಬಿಚ್ಚಲಿಲ್ಲ. ಭಾನುವಾರ ಭಾವ ಬಂದಿದ್ದರು. ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿಬಿಟ್ಟಿದ್ದೀಯಂತೆ, ಗಿರಾಕಿಗಳ ಬಟ್ಟೆಯನ್ನು ಕತ್ತರಿಸದೆಯೇ ವಾಪಸ್ ಕೊಟ್ಟೆಯಂತೆ, ಮನೆಯಲ್ಲಿ ಎಲ್ಲರೂ ಇದ್ದಾಗಲೂ ಎದ್ದೆದ್ದು ಹೋಗಿ ಚಿಲಕ ಮುಟ್ಟಿ ನೋಡುತ್ತೀಯಂತೆ. ತಟ್ಟೆ ಮುಂದೆ ಕೂತು ನಾನೇ ಕೊಂದೆ, ನಾನೇ ಕೊಂದೆ ಅಂತಾಳೆ, ಹೀಗೇ ಹೋದ್ರೆ ಅವಳೂ ಉಳಿಯೋದಿಲ್ಲ ಕಣಮ್ಮ ಎಂದು ಹೇಳಿ ಅಷ್ಟು ದೊಡ್ಡ ಮನುಷ್ಯ ನನ್ನ ಸ್ಟೂಲಿನ ಮೇಲೆ ಕೂತು ಅತ್ತರು. ಅದಕ್ಕೇ ಈ ಪತ್ರ.

ಕಾಣೆಯಾದ ನೋಟಿಸು ಮಾಡಿದವಳು ನಾನು, ಇದೇ ಕಂಪ್ಯೂಟರಿನಲ್ಲಿ. ನೀನು ಅಪ್ಪ ರಿಟೈರಾದ ದಿನದ ಗ್ರೂಪ್ ಫೋಟೋ ಹಿಡಿದು ಓಡಿ ಬಂದಿದ್ದೆ. ಅದರಲ್ಲಿ ಮುಖ ಕಡಲೆಕಾಳಿನಷ್ಟಿದೆ, ನನ್ನದು ನೋಡು, ರೆಪ್ಪೆಗೂದಲು ಎಣಿಸಬಹುದು ಎಂದೆ. ಮುಖದ ಮೇಲೆ ಸಿಡುಬಿನ ಕಲೆ ಇದೆ ಅಂತ ಒಂದು ಸಾಲು ಹಾಕೇ ಎಂದು ನೀನು ಬೇಡಿಕೊಂಡೆ. ಇಷ್ಟು ದೊಡ್ಡ ಫೋಟೋ ಇರುವಾಗ ಅದನ್ನೆಲ್ಲ ಬರೆದು ಅವನ ಮಾನ ಯಾಕೆ ಕಳೀತೀಯ ಎಂದು ನಾನು ಗದರಿದೆ. ನೀನು ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆ ಫೋಟೋದಲ್ಲಿ ಕುಳಿಗಳೇ ಇಲ್ಲ ಎಂಬುದು ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ ನೋಡು. ಹುಟ್ಟಿದಾಗಿನಿಂದ ನೋಡಿದ ಮುಖ, ಇಲ್ಲದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಹೊರಗಿನವರ ಕಣ್ಣಿಗೆ ಆ ಅನುಕೂಲ ಇಲ್ಲ.

ಪಕ್ಕದ ಊರಿನ ದೊಡ್ಡಾಸ್ಪತ್ರೆಯ ಗೇಟಿಗೆ ಮೂರನೇ ದಿನ ಭಾವ ತಮ್ಮ ಕೈಯಾರೆ ನೋಟಿಸು ಅಂಟಿಸಿ ಬಂದಿದ್ದರು. ಬಸ್ ನಿಲ್ದಾಣದಲ್ಲಿ ಬಿದ್ದಿದ್ದ ಅಪ್ಪನನ್ನು ಅಲ್ಲಿಗೆ ಸೇರಿಸಿದ್ದು ಅದೇ ಸಂಜೆ. ತಲೆಗೆ ಪೆಟ್ಟು, ಹೆಸರು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಕಾಣೆಯಾದ ಒಂಬತ್ತನೇ ದಿನ ಹೋದ. ವಾರಸುದಾರರು ಬರಲಿಲ್ಲವೆಂದು ವಾರ ಕಾದು ಅವರೇ ಮಣ್ಣು ಮಾಡಿದರು. ಗುರುತು ಸಿಗದವರ ಬಟ್ಟೆ ಇದೆ, ಆಸ್ಪತ್ರೆಗೆ ಬಂದು ನೋಡಿ ಎಂದು ನಮಗೆ ಪೊಲೀಸರ ಫೋನ್ ಬಂದದ್ದು ಇಪ್ಪತ್ತನೇ ದಿನ. ಬಟ್ಟೆಯ ಗಂಟು ಬಿಚ್ಚಿದಾಗ ಅಂಗಿಯ ಕಾಜಾ ನೋಡಿಯೇ ಇದು ನನ್ನ ಹೊಲಿಗೆ ಎಂದು ನೀನು ಕುಸಿದು ಕೂತೆ.

ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದಿದೆ. ನೀನು ಆ ಗಂಟನ್ನು ತಬ್ಬಿಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ನಾನೊಬ್ಬಳೇ ವಾರ್ಡಿನ ಒಳಗೆ ಹೋಗಿದ್ದೆನಲ್ಲ, ಅಪ್ಪನನ್ನು ನೋಡಿಕೊಂಡಿದ್ದ ನರ್ಸ್ ಅಲ್ಲಿ ಸಿಕ್ಕಿದ್ದಳು. ಹೊರಗೆ ಬಂದು, ಇಲ್ಲಿ ಯಾರೂ ಆ ನೋಟಿಸು ನೋಡೇ ಇಲ್ವಂತೆ ಎಂದು ನಿನಗೆ ಹೇಳಿದೆ. ಅದು ಸುಳ್ಳು. ಅವಳು ನೋಡಿದ್ದಳು. ಒಂದು ಸಲವಲ್ಲ, ಎರಡು ಸಲ. ಗೇಟಿನ ನೋಟಿಸನ್ನು ತನ್ನ ಫೋನಿನಲ್ಲಿ ಫೋಟೋ ಹಿಡಿದುಕೊಂಡು ಅಪ್ಪನ ಮಂಚದ ಹತ್ತಿರ ಹೋಗಿ, ಮುಖದ ಪಕ್ಕದಲ್ಲೇ ಇಟ್ಟು ಹೋಲಿಸಿದ್ದಳಂತೆ. ಏನ್ಮಾಡ್ಲಿ ಅಮ್ಮಾ, ಫೋಟೋದಲ್ಲಿದ್ದೋರು ನುಣ್ಣಗೆ ಬೆಣ್ಣೆ ಥರ ಇದ್ರು, ನಮ್ಮ ಅಜ್ಜನ ಮುಖ ಎಲ್ಲ ಕುಳಿ ಕುಳಿ, ವಯಸ್ಸೂ ಜಾಸ್ತಿ ಕಾಣ್ತಿತ್ತು, ಇವರಲ್ಲ ಅಂದ್ಕೊಂಡು ಬಿಟ್ಟೆ ಎಂದಳು. ಊಟ ಮಾಡಿಸುವಾಗ ಅವನು ಅವಳ ಕೈ ಹಿಡಿದುಕೊಂಡು ಎಣಿಸು, ಎಣಿಸು ಎನ್ನುತ್ತಿದ್ದನಂತೆ. ಮಾತ್ರೆ ಎಣಿಸೋಕೆ ಹೇಳ್ತಿದ್ದಾರೆ ಅಂದ್ಕೊಂಡೆ ಎಂದಳು.

ನನ್ನ ಮಾತು ನಂಬಿ ನೀನು ಎದ್ದು ಹೋಗಿ ಆ ಹೆಣ್ಣುಮಗಳ ಮೇಲೆ ಕೂಗಾಡಿದೆ. ಕಣ್ಣು ಎಲ್ಲಿಟ್ಟಿದ್ರಿ, ನಿಮಗೆ ಅಪ್ಪ ಇಲ್ವಾ ಎಂದೆ. ಅವಳು ನನ್ನ ಮುಖ ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದಳು. ನಾನು ಬಾರಕ್ಕ ಹೋಗೋಣ ಎಂದು ನಿನ್ನ ತೋಳು ಹಿಡಿದು ಎಳೆದುಕೊಂಡು ಬಂದೆ.

ಮರುದಿನ ಸ್ಟುಡಿಯೋಗೆ ಬಂದವಳೇ ಆ ಪುಸ್ತಕ ತೆಗೆದೆ. ಚರ್ಮ ನುಣುಪು ಮಾಡುವ ಸೆಟ್ಟಿಂಗು ಎಂದು ಒಂದಿದೆ. ಗಿರಾಕಿಗಳು ಇಷ್ಟಪಡ್ತಾರೆ ಅಂತ ನಾನೇ ಪೂರ್ತಿ ಏರಿಸಿಟ್ಟು ಕೊಟ್ಟಿದ್ದೆ ಮೇಡಂ ಎಂದ ಮಾರಿದವನು, ಉಪಕಾರ ಮಾಡಿದವನ ಹಾಗೆ. ಆ ಯಂತ್ರಕ್ಕೆ ಮೊಡವೆ ಯಾವುದು, ನಮ್ಮಪ್ಪ ಯಾವುದು ಎಂದು ಏನು ಗೊತ್ತು? ಕುಳಿ ಕಂಡಲ್ಲೆಲ್ಲ ತುಂಬಿದೆ. ಅಲ್ಲಿಯವರೆಗೆ ನನಗೆ ಇದರ ಗಂಧಗಾಳಿಯೂ ಇರಲಿಲ್ಲ ಅಕ್ಕಾ, ಅಪ್ಪನಾಣೆ.

ಆದ್ದರಿಂದ ಈ ಮಾತನ್ನು ಸರಿಯಾಗಿ ಕೇಳು. ಅಪ್ಪ ಸತ್ತದ್ದು ನಿನ್ನ ಚಿಲಕದಿಂದ ಅಲ್ಲ. ಹಿಂದೆಯೂ ಎರಡು ಸಲ ಹಾಗೆ ಹೊರಟು ಹೋಗಿದ್ದ, ಯಾರೋ ಪುಣ್ಯವಂತರು ಕೈಹಿಡಿದು ಕರೆತಂದಿದ್ದರು. ಈ ಸಲವೂ ಬರುತ್ತಿದ್ದ. ಆ ಗೇಟಿನಿಂದ ಅವನ ಮಂಚಕ್ಕೆ ಇನ್ನೂರು ಹೆಜ್ಜೆಯೂ ಇಲ್ಲ, ನಾನು ನಡೆದು ನೋಡಿದ್ದೇನೆ. ನೀನು ಅವನನ್ನು ಐದು ನಿಮಿಷ ಕಳೆದುಕೊಂಡೆ, ನಾನು ಪೂರ್ತಿಯಾಗಿ ಕಳೆದೆ. ಈ ಪತ್ರವನ್ನು ಭಾವನಿಗೂ ಚಿಕ್ಕಪ್ಪನಿಗೂ ಓದಿ ಹೇಳು. ಬೈಯುವುದಿದ್ದರೆ ನನ್ನನ್ನು ಬೈಯಲಿ. ನಿಮ್ಮ ನಡುಮನೆಯ ಗೋಡೆಯ ಮೇಲಿರುವ ಆ ಫೋಟೋ ಇಳಿಸಿಬಿಡು, ಗ್ರೂಪ್ ಫೋಟೋವನ್ನೇ ಹಾಕು. ಮೆಷಿನ್ನಿನ ಮುಸುಕು ತೆಗಿ. ನನ್ನ ಮುಖ ನೋಡಲಾರೆ ಎಂದರೆ ನೋಡಬೇಡ, ಆದರೆ ಒಂದು ತುತ್ತು ಊಟ ಮಾಡು ಮಾರಾಯ್ತಿ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿಯಾಗಿತ್ತು. ಮತ್ತೆ ಹರಿದೆ. ಮೇಲೆ ನಾನು ಸುಳ್ಳು ಆಣೆ ಇಟ್ಟಿದ್ದೇನೆ. ಅಪ್ಪ ಕಾಣೆಯಾದ ಆರನೇ ದಿನ ಒಬ್ಬ ಹೆಂಗಸು ಇಲ್ಲಿಗೆ ಬಂದಿದ್ದಳು. ನಾನು ತೆಗೆದ ಪಾಸ್‌ಪೋರ್ಟ್ ಫೋಟೋದಲ್ಲಿ ಅವಳ ಕೆನ್ನೆಯ ಸುಟ್ಟ ಕಲೆ ಇಲ್ಲ, ಇದು ನೀವಲ್ಲ ಎಂದು ಅರ್ಜಿ ತೆಗೆದುಕೊಳ್ಳುವ ಕೌಂಟರಿನವರು ವಾಪಸ್ ಕಳಿಸಿದ್ದರಂತೆ. ಅವಳನ್ನು ಕೂರಿಸಿಕೊಂಡೇ ಮೆನು ಜಾಲಾಡಿ ಆ ನುಣುಪಿನ ಸೆಟ್ಟಿಂಗು ಹುಡುಕಿ ಆಫ್ ಮಾಡಿದೆ, ಬೇರೆ ಫೋಟೋ ತೆಗೆದುಕೊಟ್ಟೆ. ಅವಳು ಹೋದ ಮೇಲೆ ಅಪ್ಪನ ಫೋಟೋ ತೆರೆದು ನೋಡಿದೆ. ಎಲ್ಲ ಗೊತ್ತಾಯಿತು. ಗ್ರೂಪ್ ಫೋಟೋ ಹಾಕಿ ಹೊಸ ನೋಟಿಸು ಮಾಡಲು ಅರ್ಧ ಗಂಟೆ ಸಾಕಿತ್ತು. ಮಾಡಿದ್ದರೆ ಯಾಕೆ ಬದಲಿಸಿದೆ ಎಂದು ನೀನು ಕೇಳುತ್ತಿದ್ದೆ. ಇವತ್ತೋ ನಾಳೆಯೋ ಬಂದೇ ಬರುತ್ತಾನೆ, ಆಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡು ಕಂಪ್ಯೂಟರ್ ಮುಚ್ಚಿದೆ. ಅಪ್ಪ ಇನ್ನೂ ಮೂರು ದಿನ ಬದುಕಿದ್ದ.